ಓದುಗರ ಪ್ರಶ್ನೆ: ಸರದಿಯಲ್ಲಿ ನಿಂತ ಜಾಬ್, ದುರಸ್ತಿಗೆ ನಿಲ್ಲುವ ಕ್ಲಸ್ಟರ್

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿನಿ. ನಮ್ಮ ವಿಶ್ವವಿದ್ಯಾಲಯದ ಕ್ಲಸ್ಟರ್ (ಒಟ್ಟಾಗಿ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಮಂಗಳವಾರ ಬೆಳಿಗ್ಗೆ 8ರಿಂದ ದುರಸ್ತಿಗಾಗಿ ನಿಲ್ಲುತ್ತದೆಂದು ಸೂಚನೆ ಬಂದಿದೆ. ಶನಿವಾರ ಸಂಜೆ 6ಕ್ಕೆ ನಾನು ಹಾಕಿದ ಜಾಬ್, ಎಂದರೆ ಓಡಿಸಲು ಒಪ್ಪಿಸಿದ ಕೆಲಸ, ಇನ್ನೂ ಸರದಿಯಲ್ಲೇ ಇದೆ, ಆದರೆ ಅರ್ಧದಷ್ಟು ನೋಡ್‌ಗಳು (ಗುಂಪಿನ ಯಂತ್ರಗಳು) ಖಾಲಿ ಕುಳಿತಿವೆ. ನನಗಿಂತ ತಡವಾಗಿ ಜಾಬ್ ಹಾಕಿದ ಸಹಪಾಠಿಯ ಕೆಲಸ ಮುಗಿದೂ ಹೋಯಿತು. ದುರಸ್ತಿಗೆ ಮೂರು ದಿನ ಮೊದಲೇ ಯಂತ್ರಗಳನ್ನು ಹೀಗೆ ಮುಚ್ಚಿಡುವುದು ನ್ಯಾಯವೇ?
– ಓದುಗರು, ಧಾರವಾಡ

ಉತ್ತರ: ಯಾರೂ ಮುಚ್ಚಿಟ್ಟಿರಲಾರರು. ಜಾಬ್ ಸ್ಕ್ರಿಪ್ಟ್‌ನಲ್ಲಿ ಎಷ್ಟು ಹೊತ್ತಿನ ಮಿತಿ ಬರೆದಿದ್ದೀರೆಂದು ನೀವು ತಿಳಿಸಿಲ್ಲ. ಹಲವರು ಬರೆಯುವಂತೆ ನೀವೂ ಮೂರು ದಿನ, ಎಂದರೆ 72 ಗಂಟೆ, ಎಂದು ಬರೆದಿದ್ದೀರೆಂದು ಇಟ್ಟುಕೊಳ್ಳೋಣ. ಶನಿವಾರ ಸಂಜೆ 6ರಿಂದ ಮಂಗಳವಾರ ಬೆಳಿಗ್ಗೆ 8ಕ್ಕೆ 62 ಗಂಟೆಗಳಷ್ಟೇ ಆಗುತ್ತವೆ. ಮಂಗಳವಾರ ಮದುವೆಗೆಂದು ಕೊಟ್ಟಾಗಿರುವ ಕಲ್ಯಾಣ ಮಂಟಪವನ್ನು ಶನಿವಾರದಿಂದ ಮೂರು ದಿನ ಬೇಕೆಂದು ಬಂದವರಿಗೆ ಕೊಡಲಾಗುವುದಿಲ್ಲ. ಭಾನುವಾರ ಒಂದು ಹೊತ್ತಿನ ನಾಮಕರಣಕ್ಕೆ ಕೇಳಿದವರಿಗೆ ಕೊಡಬಹುದು. ನಿಮ್ಮ ಸಹಪಾಠಿ ನಾಮಕರಣದವರು.

ನೀವು ಯಾವ ತಂತ್ರಾಂಶವನ್ನು ಬಳಸುತ್ತಿದ್ದೀರೆಂದು ಹೇಳದಿದ್ದರೂ, ಅದು ಸ್ಲರ್ಮ್ ಎಂದೇ ಭಾವಿಸಿ ಮುಂದುವರಿಯುತ್ತೇನೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿ 2002ರಲ್ಲಿ ಹೊರಬಂದ ಈ ಮುಕ್ತ ತಂತ್ರಾಂಶ ಇಂದು ಸಣ್ಣ ಕಾಲೇಜಿನ ನಾಲ್ಕು ಯಂತ್ರಗಳಿಂದ ಹಿಡಿದು ಜಗತ್ತಿನ ಅತಿ ದೊಡ್ಡ ಸೂಪರ್‌ಕಂಪ್ಯೂಟರ್‌ಗಳವರೆಗೆ ಜಾಬ್‌ಗಳನ್ನು ಹಂಚುತ್ತಿದೆ. ದುರಸ್ತಿಯ ದಿನ ನಿಗದಿಯಾದಾಗ ನಿರ್ವಾಹಕರು ಅದರಲ್ಲಿ ‘ರಿಸರ್ವೇಶನ್’ ಒಂದನ್ನು, ಎಂದರೆ ಆ ಹೊತ್ತಿಗೆ ನೋಡ್‌ಗಳನ್ನು ಕಾಯ್ದಿರಿಸುವ ಸೂಚನೆಯನ್ನು, ಹಾಕುತ್ತಾರೆ. ಆ ಕ್ಷಣದಿಂದ, ಯಾವ ಜಾಬ್‌ನ ಸಮಯಮಿತಿ ದುರಸ್ತಿಯ ವೇಳೆಯನ್ನು ದಾಟುತ್ತದೆಯೋ ಅದನ್ನು ಸ್ಲರ್ಮ್ ಆರಂಭಿಸುವುದೇ ಇಲ್ಲ. ಸರದಿಯನ್ನು ತೋರಿಸುವ ಎಸ್‌ಕ್ಯೂ (squeue) ಆದೇಶದ ಕೊನೆಯ ಅಂಕಣದಲ್ಲಿ ಕಾರಣವೂ ಕಾಣುತ್ತದೆ: ನೋಡ್‌ಗಳು ದುರಸ್ತಿಗೆ ಕಾಯ್ದಿರಿಸಲ್ಪಟ್ಟಿವೆ ಎಂದು ಅದು ಹೇಳುತ್ತದೆ. ಆ ಅಂಕಣವನ್ನು ಓದುವ ಅಭ್ಯಾಸವಿದ್ದರೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಬರುತ್ತಿರಲಿಲ್ಲವೇನೋ.

ಹಿಂದೆ ಬಂದವರು ಮುಂದೆ ಹೋಗುವ ಈ ಪದ್ಧತಿಗೆ ‘ಬ್ಯಾಕ್‌ಫಿಲ್’ ಎಂದು ಹೆಸರು. ಅಮೆರಿಕದ ಆರ್ಗಾನ್ ಪ್ರಯೋಗಾಲಯದವರು 1995ರಲ್ಲಿ ತಮ್ಮ ಐಬಿಎಂ ಯಂತ್ರಕ್ಕಾಗಿ ಬರೆದ ‘ಈಸಿ’ ಎಂಬ ಶೆಡ್ಯೂಲರ್‌ನಿಂದ (ಜಾಬ್‌ಗಳಿಗೆ ಸರದಿ ಹಂಚುವ ತಂತ್ರಾಂಶದಿಂದ) ಇದು ಪ್ರಸಿದ್ಧವಾಯಿತು. ಸರದಿಯ ತಲೆಯಲ್ಲಿ ನಿಂತ ದೊಡ್ಡ ಜಾಬ್‌ಗೆ ಬೇಕಾದಷ್ಟು ನೋಡ್‌ಗಳು ಯಾವಾಗ ಬಿಡುವಾಗುತ್ತವೆಂದು ಮೊದಲು ಲೆಕ್ಕ ಹಾಕಿ, ಅದರ ಆರಂಭವನ್ನು ಒಂದು ನಿಮಿಷವೂ ಮುಂದೂಡದಂತೆ ನಡುವಿನ ಸಂದುಗಳಲ್ಲಿ ಸಣ್ಣ ಜಾಬ್‌ಗಳನ್ನು ತುರುಕುವುದೇ ಅದರ ಉಪಾಯ. ಈ ಲೆಕ್ಕಕ್ಕೆಲ್ಲ ಆಧಾರ ನೀವು ಬರೆದುಕೊಟ್ಟ ಸಮಯಮಿತಿ ಒಂದೇ. ಹತ್ತು ಗಂಟೆಯ ಕೆಲಸಕ್ಕೆ ‘ಇರಲಿ’ ಎಂದು 72 ಗಂಟೆ ಬರೆದರೆ, ಕುಳಿತುಕೊಳ್ಳಬಹುದಾಗಿದ್ದ ಸಂದುಗಳನ್ನೆಲ್ಲ ನೀವೇ ಬಿಟ್ಟುಕೊಟ್ಟಂತೆ. ಜಾಬ್ ಹಾಕಿದವರ ಹಿಂದಿನ ಬಳಕೆ ಎಷ್ಟು, ಎಷ್ಟು ದಿನದಿಂದ ಕಾಯುತ್ತಿದ್ದಾರೆ ಎಂಬುದರಿಂದಲೂ ಆದ್ಯತೆ ಬದಲಾಗುವುದುಂಟು, ಆದರೆ ನೀವು ಹೇಳಿದ ಸನ್ನಿವೇಶದಲ್ಲಿ ತಡೆ ಅದಲ್ಲ.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ನಿಮ್ಮ ಹಿಂದಿನ ಇಂಥದೇ ಜಾಬ್‌ಗಳು ನಿಜವಾಗಿ ಎಷ್ಟು ಹೊತ್ತು ಓಡಿದ್ದವೆಂಬುದನ್ನು ಎಸ್‌ಅಕ್ಟ್ (sacct) ಆದೇಶದಿಂದ ನೋಡಿ. ಅದಕ್ಕೆ ಕಾಲು ಭಾಗದಷ್ಟು ಹೆಚ್ಚುವರಿ ಸೇರಿಸಿದರೂ ಮಂಗಳವಾರ ಬೆಳಗಿನೊಳಗೆ ಮುಗಿಯುವಂತಿದ್ದರೆ, ಸರದಿಯಲ್ಲಿರುವ ಜಾಬ್‌ನ ಮಿತಿಯನ್ನು ಎಸ್‌ಕಂಟ್ರೋಲ್ (scontrol) ಆದೇಶದ ಮೂಲಕ ಇಳಿಸಿ. ಸ್ವಂತ ಜಾಬ್‌ನ ಮಿತಿಯನ್ನು ಇಳಿಸುವ ಅಧಿಕಾರ ಬಳಕೆದಾರರಿಗಿದೆ, ಏರಿಸುವುದು ನಿರ್ವಾಹಕರ ಕೈಯಲ್ಲಿದೆ. ಆದ್ದರಿಂದ ಇಳಿಸುವಾಗ ಜಿಪುಣತನ ಬೇಡ. ಮಿತಿ ಮುಗಿದ ಜಾಬ್‌ನ ಮೇಲೆ ಸ್ಲರ್ಮ್ ಕರುಣೆ ತೋರುವುದಿಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ 16 ನೋಡ್‌ಗಳ ಕ್ಲಸ್ಟರ್ ನೋಡಿಕೊಳ್ಳುತ್ತೇನೆ. ಪ್ರತಿ ಬಾರಿ ದುರಸ್ತಿಗೆ ಇಳಿದಾಗಲೂ ಯಾರದೋ ಜಾಬ್ ಸತ್ತು ಜಗಳವಾಗುತ್ತದೆ. ಯಾರಿಗೂ ತೊಂದರೆಯಾಗದಂತೆ ದುರಸ್ತಿ ಮಾಡುವ ಕ್ರಮವೇನು?
– ಓದುಗರು, ತುಮಕೂರು

ಉತ್ತರ: ಮೊದಲು ನಿಮ್ಮ ಪಾರ್ಟಿಶನ್‌ಗಳ (ನೋಡ್‌ಗಳನ್ನು ವಿಂಗಡಿಸಿದ ಗುಂಪುಗಳ) ಗರಿಷ್ಠ ಸಮಯಮಿತಿ ಎಷ್ಟಿದೆ ನೋಡಿ. ಸ್ಲರ್ಮ್‌ನಲ್ಲಿ ಅದನ್ನು ನೀವಾಗಿ ಬರೆಯದಿದ್ದರೆ ಅದು ಅಪರಿಮಿತ, ಮತ್ತು ಮಿತಿ ನಮೂದಿಸದೆ ಬಂದ ಜಾಬ್‌ಗೂ ಅದೇ ಅನ್ವಯಿಸುತ್ತದೆ. ಅಂಥ ಕ್ಲಸ್ಟರ್‌ನಲ್ಲಿ ಜಗಳವಿಲ್ಲದ ದುರಸ್ತಿ ಸಾಧ್ಯವೇ ಇಲ್ಲ. ಗರಿಷ್ಠ ಮಿತಿಯನ್ನು ಏಳು ದಿನ ಎಂದಿಟ್ಟರೆ, ರಿಸರ್ವೇಶನ್ ಅನ್ನು ಎಂಟು ದಿನ ಮೊದಲೇ ಹಾಕಿ. ಆಗ ಈಗಾಗಲೇ ಓಡುತ್ತಿರುವ ಜಾಬ್‌ಗಳೆಲ್ಲ ಅಷ್ಟರಲ್ಲಿ ತಾವಾಗಿ ಮುಗಿದಿರುತ್ತವೆ, ಹೊಸದಾಗಿ ಬರುವವುಗಳಲ್ಲಿ ಯಾವುದೂ ಗೆರೆ ದಾಟುವುದಿಲ್ಲ. ದುರಸ್ತಿಯ ಬೆಳಿಗ್ಗೆ ನೀವು ಒಂದು ಜಾಬ್ ಅನ್ನೂ ಕೊಲ್ಲಬೇಕಾಗುವುದಿಲ್ಲ. ಕೆಲವರು ರಿಸರ್ವೇಶನ್ ಹಾಕುವಾಗ ಓಡುತ್ತಿರುವ ಜಾಬ್‌ಗಳನ್ನು ಕಡೆಗಣಿಸುವ ಆಯ್ಕೆಯನ್ನೂ ಸೇರಿಸಿ, ಎರಡೇ ದಿನ ಮೊದಲು ಹಾಕಿ ನಿಶ್ಚಿಂತರಾಗುತ್ತಾರೆ. ಆ ಆಯ್ಕೆ ರಿಸರ್ವೇಶನ್‌ಗೆ ಒಪ್ಪಿಗೆ ಕೊಡುತ್ತದೆಯೇ ಹೊರತು ಹಳೆಯ ಜಾಬ್‌ಗಳನ್ನು ಖಾಲಿ ಮಾಡಿಸುವುದಿಲ್ಲ. ನಿಮ್ಮ ಜಗಳಗಳ ಮೂಲ ಇದೇ ಇರಬಹುದೆಂಬುದು ನನ್ನ ಸಂಶಯ.

ಎಲ್ಲ ಕೆಲಸಕ್ಕೂ ಇಡೀ ಕ್ಲಸ್ಟರ್ ನಿಲ್ಲಿಸಬೇಕಾಗಿಲ್ಲ. ಒಂದು ನೋಡ್‌ನ ಮೆಮೊರಿ ಕೆಟ್ಟಿದ್ದರೆ ಅದೊಂದನ್ನೇ ‘ಡ್ರೇನ್’ ಸ್ಥಿತಿಗೆ ತನ್ನಿ: ಓಡುತ್ತಿರುವ ಜಾಬ್ ಮುಗಿಯುವವರೆಗೆ ಓಡುತ್ತದೆ, ಹೊಸದು ಅದರೊಳಗೆ ಬರುವುದಿಲ್ಲ. ಡ್ರೇನ್ ಮಾಡುವಾಗ ಕಾರಣ ಬರೆಯುವುದು ಕಡ್ಡಾಯ. ಅಲ್ಲಿ ‘ತೊಂದರೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ಯಾವ ಸ್ಲಾಟ್‌ನ ಮೆಮೊರಿ, ಎಂದು ಕಂಡುಬಂದದ್ದು ಎಂಬುದನ್ನು ಬರೆಯಿರಿ. ಮೂರು ತಿಂಗಳ ಬಳಿಕ ಎಸ್‌ಇನ್ಫೊ (sinfo) ಆದೇಶ ತೋರಿಸುವ ಪಟ್ಟಿಯಲ್ಲಿ ಅದನ್ನು ಓದುವವರು ನೀವೇ. ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಬದಲಾವಣೆಯಂಥ ಕೆಲಸಗಳನ್ನೂ ಹೀಗೆಯೇ, ಒಂದೊಂದು ನೋಡ್ ಬಿಡುವಾದಂತೆ ತಾನಾಗಿ ರೀಬೂಟ್ ಆಗುವಂತೆ ಸ್ಲರ್ಮ್‌ಗೇ ಹೇಳಿಡಬಹುದು. ಎಲ್ಲ ನೋಡ್‌ಗಳೂ ನೆಚ್ಚಿಕೊಂಡಿರುವ ಸಾಮಾನ್ಯ ಫೈಲ್ ಸಿಸ್ಟಮ್, ನೆಟ್‌ವರ್ಕ್ ಸ್ವಿಚ್, ವಿದ್ಯುತ್ತು ಮತ್ತು ಎಸಿ, ಇವುಗಳಿಗೆ ಕೈ ಹಾಕುವಾಗ ಮಾತ್ರ ಪೂರ್ಣ ನಿಲುಗಡೆ ಬೇಕು.

ಸ್ಲರ್ಮ್‌ನ ಆವೃತ್ತಿಯನ್ನೇ ಮೇಲೇರಿಸುವುದಾದರೆ ಕ್ರಮ ತಪ್ಪಬಾರದು: ಮೊದಲು ಲೆಕ್ಕಪತ್ರದ ಡೇಟಾಬೇಸ್ ಸೇವೆ, ನಂತರ ಮುಖ್ಯ ನಿಯಂತ್ರಕ, ಕೊನೆಯಲ್ಲಿ ನೋಡ್‌ಗಳು. ಹಿಂದೆ ನಾನಿದ್ದ ಸಂಸ್ಥೆಯೊಂದರಲ್ಲಿ ‘ಮೊದಲು ನೋಡ್‌ಗಳಲ್ಲಿ ಪರೀಕ್ಷಿಸೋಣ’ ಎಂಬ ನನ್ನದೇ ಜಾಣತನದಿಂದ ಈ ಕ್ರಮವನ್ನು ತಿರುಗಿಸಿದ್ದೆ. ಹಳೆಯ ನಿಯಂತ್ರಕಕ್ಕೆ ಹೊಸ ನೋಡ್‌ಗಳ ಮಾತು ತಿಳಿಯದೆ ಇಡೀ ಮಧ್ಯಾಹ್ನ ಕ್ಲಸ್ಟರ್ ಮೂಕವಾಗಿತ್ತು. ಹೊಸ ನಿಯಂತ್ರಕ ಹಳೆಯ ನೋಡ್‌ಗಳ ಮಾತನ್ನು ಕೆಲವು ಆವೃತ್ತಿಗಳವರೆಗೆ ಅರ್ಥಮಾಡಿಕೊಳ್ಳುತ್ತದೆ, ಹಳೆಯದು ಹೊಸದರ ಮಾತನ್ನು ಅರ್ಥಮಾಡಿಕೊಳ್ಳುವುದಿಲ್ಲ. ಡೇಟಾಬೇಸ್‌ನ ಜೊತೆಗೆ ನಿಯಂತ್ರಕ ತನ್ನ ಸ್ಥಿತಿಯನ್ನು ಬರೆದಿಡುವ ಕೋಶದ ಪ್ರತಿಯನ್ನೂ ಮೊದಲೇ ತೆಗೆದಿಡಿ, ಏಕೆಂದರೆ ಸರದಿಯ ವಿವರವೆಲ್ಲ ಇರುವುದು ಅದರಲ್ಲಿ. ನೋಡ್ 300 ಸೆಕೆಂಡು ಉತ್ತರಿಸದಿದ್ದರೆ ಸತ್ತಿತೆಂದು ಭಾವಿಸುವುದು ಸ್ಲರ್ಮ್‌ನ ಸಹಜ ಗುಣ. ಕೆಲಸ ಮುಗಿಯುವವರೆಗೆ ಆ ಅವಧಿಯನ್ನು ಹೆಚ್ಚಿಸಿಡಿ.

ಕೆಲಸ ಮುಗಿದೊಡನೆ ಬಾಗಿಲು ತೆರೆಯಬೇಡಿ. ರಿಸರ್ವೇಶನ್ ಇನ್ನೂ ಜಾರಿಯಲ್ಲಿರುವಾಗಲೇ, ಅದರಲ್ಲಿ ಹೆಸರಿರುವ ಬಳಕೆದಾರರಾಗಿ ನೀವು ಪ್ರತಿ ನೋಡ್‌ಗೂ ಪರೀಕ್ಷಾ ಜಾಬ್ ಕಳುಹಿಸಬಹುದು. ಹದಿನಾರರಲ್ಲಿ ಒಂದು ನೋಡ್‌ಗೆ ಫೈಲ್ ಸಿಸ್ಟಮ್ ಸೇರಿಕೊಂಡಿರದಿದ್ದರೆ ಅದು ಸಾಧಾರಣ ದೋಷವಲ್ಲ: ಬಂದ ಜಾಬ್‌ಗಳೆಲ್ಲ ಅಲ್ಲಿ ಕ್ಷಣಾರ್ಧದಲ್ಲಿ ವಿಫಲವಾಗಿ, ನೋಡ್ ಮತ್ತೆ ಬಿಡುವಾಗಿ, ಇನ್ನೊಂದನ್ನು ಎಳೆದುಕೊಳ್ಳುತ್ತಾ ಇಡೀ ಸರದಿಯನ್ನು ನುಂಗಿಬಿಡುತ್ತದೆ.

ಪ್ರಶ್ನೆ: ಹತ್ತು ನಿಮಿಷದ ಸಣ್ಣ ಪ್ರೋಗ್ರಾಮ್ ಅನ್ನು ಲಾಗಿನ್ ನೋಡ್‌ನಲ್ಲೇ ಓಡಿಸಿದರೆ ತಪ್ಪೇ?
– ಓದುಗರು, ಮೈಸೂರು

ಉತ್ತರ: ತಪ್ಪು. ಅದು ಎಲ್ಲರೂ ಒಳಬರುವ ಬಾಗಿಲು. ಎಸ್‌ರನ್ (srun) ಆದೇಶದ ಮೂಲಕ ಹತ್ತು ನಿಮಿಷ ಕೇಳಿ. ಅಷ್ಟು ಸಣ್ಣ ಸಂದು ಹೆಚ್ಚಾಗಿ ಎಲ್ಲಾದರೂ ಇದ್ದೇ ಇರುತ್ತದೆ.

ಪ್ರಶ್ನೆ: ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ ದೊಡ್ಡ ಯಂತ್ರದಲ್ಲಿ ನಮ್ಮ ಗುಂಪಿಗೆ ಅವಕಾಶ ದೊರೆಯಬಹುದು. ಹತ್ತು ದಿನ ಓಡಬೇಕಾದ ಸಿಮ್ಯುಲೇಶನ್‌ಗೆ ಅಷ್ಟು ಉದ್ದದ ಮಿತಿ ಸಿಗುತ್ತದೆಯೇ? ನಡುವೆ ಎಷ್ಟು ಹೊತ್ತಿಗೊಮ್ಮೆ ಅಲ್ಲಿಯವರೆಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳಬೇಕು?
– ಓದುಗರು, ಮಂಗಳೂರು

ಉತ್ತರ: ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನಡಿ 2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಯಂತ್ರದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ), ಗಣಕ ನೋಡ್‌ಗಳು 624. ಹಲವರು ಹಂಚಿಕೊಳ್ಳುವ ಯಾವುದೇ ಯಂತ್ರದಲ್ಲೂ ಹತ್ತು ದಿನದ ಒಂದೇ ಜಾಬ್ ಹಾಕುವ ಯೋಚನೆಯನ್ನು ಬಿಡಿ. ಒಂದೊಂದು ದಿನದ ಹತ್ತು ತುಂಡುಗಳಾಗಿ ಒಡೆಯಿರಿ. ಧಾರವಾಡದ ಓದುಗರಿಗೆ ಹೇಳಿದ ಸಂದಿನ ಲೆಕ್ಕ ಇಲ್ಲಿಯೂ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಎಷ್ಟು ಹೊತ್ತಿಗೊಮ್ಮೆ ಎಂಬುದಕ್ಕೆ 1974ರಲ್ಲಿ ಜಾನ್ ಯಂಗ್ ಕೊಟ್ಟ ಸರಳ ಸೂತ್ರವಿದೆ. ಒಮ್ಮೆ ಉಳಿಸಲು ಹಿಡಿಯುವ ಸಮಯವನ್ನು, ಎರಡು ವೈಫಲ್ಯಗಳ ನಡುವಿನ ಸರಾಸರಿ ಅವಧಿಯಿಂದ ಗುಣಿಸಿ, ಅದನ್ನು ಇಮ್ಮಡಿಸಿ, ವರ್ಗಮೂಲ ತೆಗೆಯಿರಿ. ಉಳಿಸಲು 5 ನಿಮಿಷ ಬೇಕು, ನೀವು ಬಳಸುವ ನೋಡ್‌ಗಳಲ್ಲಿ ಸರಾಸರಿ 10 ದಿನಕ್ಕೊಮ್ಮೆ ಏನಾದರೂ ಕೆಡುತ್ತದೆ ಎಂದಾದರೆ, ಉತ್ತರ ಸುಮಾರು 380 ನಿಮಿಷ, ಎಂದರೆ ಆರು ಗಂಟೆಗೆ ತುಸು ಹೆಚ್ಚು. ಹತ್ತು ನಿಮಿಷಕ್ಕೊಮ್ಮೆ ಉಳಿಸುವವರು ತಮ್ಮ ಪಾಲಿನ ಯಂತ್ರದ ಹೊತ್ತಿನಲ್ಲಿ ಮೂರನೆಯ ಒಂದು ಭಾಗವನ್ನು ಡಿಸ್ಕಿಗೇ ಅರ್ಪಿಸುತ್ತಿದ್ದಾರೆ, ಸಾಲದ್ದಕ್ಕೆ ಇತರರ ಫೈಲ್ ಸಿಸ್ಟಮ್ ಅನ್ನೂ ನಿಧಾನಗೊಳಿಸುತ್ತಾರೆ.

ಇದಲ್ಲದೆ, ಮಿತಿ ಮುಗಿಯುವ ಹದಿನೈದು ನಿಮಿಷ ಮೊದಲು ಸಿಗ್ನಲ್ ಕಳುಹಿಸುವಂತೆ ಜಾಬ್ ಹಾಕುವ ಎಸ್‌ಬ್ಯಾಚ್ (sbatch) ಆದೇಶಕ್ಕೆ ಹೇಳಿ, ಅದು ಬಂದಾಗ ಕೊನೆಯ ಬಾರಿ ಉಳಿಸಿ ಹೊರಬರುವಂತೆ ಪ್ರೋಗ್ರಾಮ್ ಬರೆಯಿರಿ. ತುಂಡುಗಳನ್ನು ಒಂದರ ಹಿಂದೊಂದು ಪೋಣಿಸಲು ಡಿಪೆಂಡೆನ್ಸಿ ಎಂಬ ಆಯ್ಕೆಯಿದೆ. ಅದರಲ್ಲಿ ‘ಆಫ್ಟರ್‌ಓಕೆ’ ಎಂದು ಕೊಟ್ಟರೆ ಹಿಂದಿನ ತುಂಡು ಯಶಸ್ವಿಯಾಗಿ ಮುಗಿದರೆ ಮಾತ್ರ ಮುಂದಿನದು ಏಳುತ್ತದೆ, ಮಿತಿ ಮೀರಿ ನಿಂತ ತುಂಡನ್ನು ಸ್ಲರ್ಮ್ ಯಶಸ್ಸೆಂದು ಎಣಿಸುವುದಿಲ್ಲ. ‘ಆಫ್ಟರ್‌ಎನಿ’ ಎಂದು ಕೊಡಿ, ಮತ್ತು ಪ್ರತಿ ತುಂಡಿನ ಆರಂಭದಲ್ಲಿ, ಉಳಿಸಿದ ಫೈಲ್ ಇದೆಯೇ, ಪೂರ್ಣವಾಗಿ ಬರೆದಿದೆಯೇ ಎಂಬುದನ್ನು ಸ್ಕ್ರಿಪ್ಟ್‌ನಲ್ಲೇ ಪರೀಕ್ಷಿಸಿಕೊಳ್ಳಿ.