ನೋಟಿಸ್ ಬಂದರೆ ಕ್ಲಿನಿಕ್ ಮುಚ್ಚಬೇಕೆ?

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಭಾವನವರ ಕ್ಲಿನಿಕ್ ಇದೆ. ಸುಳ್ಳು ಸರ್ಟಿಫಿಕೇಟ್ ಕೊಟ್ಟರೆಂಬ ದೂರಿನ ಮೇಲೆ ರಾಜ್ಯ ಮೆಡಿಕಲ್ ಕೌನ್ಸಿಲ್‌ನಿಂದ ನೋಟಿಸ್ ಬಂದಿದೆ. ಅವರ ಮಾತು ಕೇಳದೆಯೇ ಅಮಾನತು ಮಾಡಬಹುದೇ ಸರ್?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗದಮ್ಮ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ವೈದ್ಯರ ಅಹವಾಲು ಕೇಳಲೇಬೇಕು. ವೈದ್ಯರ ವೃತ್ತಿ ನಡತೆ ಕುರಿತ 2002ರ ನಿಯಮಾವಳಿಯಂತೆ ಖುದ್ದಾಗಿಯೋ ವಕೀಲರ ಮೂಲಕವೋ ಹೇಳಿಕೊಳ್ಳಬಹುದು. ವಿಚಾರಣೆ ಮುಗಿಯುವ ಮೊದಲು, ದೂರಿಗೆ ಕಾರಣವಾದ ಕೆಲಸವನ್ನಷ್ಟೇ ತಡೆಹಿಡಿಯುವ ಅಧಿಕಾರ ಕೌನ್ಸಿಲ್‌ಗೆ ಇದೆ.

ನೋಟಿಸನ್ನು ಡ್ರಾಯರ್‌ಗೆ ತಳ್ಳಿ ಸುಮ್ಮನೆ ಕೂತ ಡಾಕ್ಟರುಗಳನ್ನು ನಾನು ಕಂಡಿದ್ದೇನೆ. ಭಾವನವರು ಹಾಗೆ ಮಾಡದಿರಲಿ! ಸರ್ಟಿಫಿಕೇಟ್ ರಿಜಿಸ್ಟರ್, ರೋಗಿಯ ಸಹಿ ಅಥವಾ ಹೆಬ್ಬೆಟ್ಟಿರುವ ನಕಲು ಇದೆಯೇ? ಮೊದಲು ಅದನ್ನು ಹುಡುಕಿಸಿ. ಆದೇಶ ವಿರುದ್ಧವಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದಡಿಯ ನೈತಿಕತೆ ಮತ್ತು ವೈದ್ಯಕೀಯ ನೋಂದಣಿ ಮಂಡಳಿಗೆ ಮೇಲ್ಮನವಿ. ಅಲ್ಲಿಯೂ ಸೋತರೆ 60 ದಿನದೊಳಗೆ ಆಯೋಗಕ್ಕೆ.