ವಾಲ್ವ್ ಮುಚ್ಚಿದೆ, ನೀರು ಎಲ್ಲಿ ಹೋಗುತ್ತಿದೆ?

ಪ್ರಶ್ನೆ: ನಮ್ಮ ರಾಸಾಯನಿಕ ಕಾರ್ಖಾನೆಯ ಕೂಲಿಂಗ್ ಟವರಿನಲ್ಲಿ ಗಂಟೆಗೆ 1,000 ಘನ ಮೀಟರ್ ನೀರು ಸುತ್ತುತ್ತದೆ. ಬಿಸಿನೀರಿಗೂ ತಣ್ಣೀರಿಗೂ 10 ಡಿಗ್ರಿ ಅಂತರ. ಬ್ಲೋಡೌನ್ ವಾಲ್ವ್ (ಉಪ್ಪು ಹೆಚ್ಚಿದ ನೀರನ್ನು ಹೊರಬಿಡುವ ವಾಲ್ವ್) ಮುಚ್ಚಿಟ್ಟರೂ ಸೈಕಲ್ (ಹೊಸದಾಗಿ ಸೇರಿಸುವ ನೀರಿಗಿಂತ ಟವರಿನ ನೀರಿನಲ್ಲಿ ಉಪ್ಪು ಎಷ್ಟು ಪಟ್ಟು ಎಂಬ ಲೆಕ್ಕ) 3 ದಾಟುತ್ತಿಲ್ಲ, ಏಕೆ?
– ಓದುಗರು, ಬೈಕಂಪಾಡಿ

ಉತ್ತರ: ಸುತ್ತುವ ನೀರನ್ನು ಅಂತರದಿಂದ, ಆಮೇಲೆ 0.00153ರಿಂದ ಗುಣಿಸಿ. ಗಂಟೆಗೆ ಸುಮಾರು 15 ಘನ ಮೀಟರ್ ಆವಿಯಾಗುತ್ತಿದೆ. ಆವಿಯ ಜೊತೆ ಉಪ್ಪು ಹೋಗದು. ಆದರೂ ಸೈಕಲ್ 3ರಲ್ಲೇ ನಿಂತಿದೆ ಎಂದರೆ ಗಂಟೆಗೆ ಇನ್ನೂ 7.5 ಘನ ಮೀಟರ್ (ಆವಿಯ 15ನ್ನು, ಸೈಕಲ್‌ನಿಂದ ಒಂದು ಕಳೆದು ಬರುವ 2ರಿಂದ ಭಾಗಿಸಿ) ಉಪ್ಪುಸಮೇತ ಎಲ್ಲೋ ಸೋರುತ್ತಿದೆ. ದಿನಕ್ಕೆ 1.8 ಲಕ್ಷ ಲೀಟರ್, ಅಂದರೆ 12,000 ಲೀಟರಿನ 15 ಟ್ಯಾಂಕರ್! ಹನಿ ತಡೆಯುವ ಎಲಿಮಿನೇಟರ್ ಸರಿಯಿದ್ದರೆ ಗಾಳಿಗೆ ಹಾರುವ ಹನಿ ಗಂಟೆಗೆ 0.2 ಘನ ಮೀಟರ್ ಮೀರದು.

ಮೊದಲು ಬ್ಲೋಡೌನ್ ಪೈಪಿನ ಕೊನೆಗೆ ಹೋಗಿ ನೋಡಿ. ಮುಚ್ಚಿದ ವಾಲ್ವ್ ಪಾಸ್ ಆಗುವುದು (ಒಳಗೊಳಗೇ ನೀರು ಬಿಡುವುದು) ತೀರಾ ಸಾಮಾನ್ಯ. ಆಮೇಲೆ ಓವರ್‌ಫ್ಲೋ. ನೀರಿನ ಮಟ್ಟ ಕಾಯುವ ಫ್ಲೋಟನ್ನು ಅಂಚಿನವರೆಗೆ ಏರಿಸಿಟ್ಟಿದ್ದರೆ, ಪಂಪ್ ನಿಂತಾಗಲೆಲ್ಲ ಪೈಪಿನೊಳಗಿನ ನೀರು ಟವರಿನ ಕೆಳಗಿನ ತೊಟ್ಟಿಗೆ, ಅಂದರೆ ಬೇಸಿನ್ನಿಗೆ ಇಳಿದು ಚರಂಡಿ ಸೇರುತ್ತದೆ. ಆ ನೀರು ಹಿಡಿಯುವಷ್ಟು ಜಾಗ ಬಿಟ್ಟು ಫ್ಲೋಟ್ ಇಳಿಸಿ. ಪಂಪಿನ ಬೇರಿಂಗ್ ತಣಿಸಲು ಎಳೆದ ಅರ್ಧ ಇಂಚಿನ ಲೈನುಗಳನ್ನು ಮರೆಯಬೇಡಿ. ಅವುಗಳ ಬಾಯಿ ಬಹುತೇಕ ಚರಂಡಿಗೇ ಇರುತ್ತದೆ, ಬೇಸಿನ್ನಿಗೆ ತಿರುಗಿಸಿ. ನೆಲ ತೊಳೆಯಲು ಇದೇ ಲೈನಿಗೆ ಹೋಸ್ ಸಿಕ್ಕಿಸಿದವರು ಯಾರೆಂದು ಕೇಳಿದರೆ ಯಾರೂ ಒಪ್ಪುವುದಿಲ್ಲ, ರಾತ್ರಿ ಪಾಳಿಯಲ್ಲಿ ಒಂದು ಸುತ್ತು ಹಾಕಿ.

ಇಷ್ಟಾದರೂ ಸಿಗದಿದ್ದರೆ ಬೇಸಿನ್ ಬಿರುಕು. ಪಂಪ್, ಫ್ಯಾನ್, ಮೇಕಪ್ (ಹೊಸದಾಗಿ ಸೇರಿಸುವ ನೀರು) ಮೂರನ್ನೂ ನಿಲ್ಲಿಸಿ ಗೋಡೆಗೆ ಗುರುತು ಹಾಕಿ. 80 ಚದರ ಮೀಟರ್ ಬೇಸಿನ್ನಿನಲ್ಲಿ ಎರಡು ಗಂಟೆಗೆ 1 ಸೆಂ.ಮೀ. ಇಳಿದರೆ ಗಂಟೆಗೆ 400 ಲೀಟರ್ ಸೋರಿಕೆ.

ಸೈಕಲ್ ಅಳೆಯಲು ಕ್ಲೋರೈಡ್ ನಂಬಬೇಡಿ. ಹೈಪೋ (ಕ್ಲೋರಿನ್ ದ್ರಾವಣ) ಹಾಕುವ ಟವರಿನಲ್ಲಿ ಹೈಪೋದಿಂದಲೂ ಕ್ಲೋರೈಡ್ ಸೇರುವುದರಿಂದ ಅದು ಸೈಕಲ್ಲನ್ನು ಹೆಚ್ಚು ತೋರಿಸುತ್ತದೆ. ಮೆಗ್ನೀಸಿಯಂ ನೋಡಿ. ಅದರ ಲೆಕ್ಕದಲ್ಲಿ ಸೈಕಲ್ 3 ಇದ್ದು ಕ್ಯಾಲ್ಸಿಯಂ ಲೆಕ್ಕದಲ್ಲಿ 2.4 ಬಂದರೆ, ಉಳಿದ ಸುಣ್ಣ ಈ ನೀರಿನಿಂದ ತಣಿಸುವ ಎಕ್ಸ್‌ಚೇಂಜರ್ ಟ್ಯೂಬಿನಲ್ಲಿ ಕೂರುತ್ತಿದೆ ಎಂದರ್ಥ.

ಸೋರಿಕೆ ನಿಂತ ಮೇಲೆ ಬ್ಲೋಡೌನ್ ತೆರೆದು ಸೈಕಲ್ 5ಕ್ಕೆ ನಿಲ್ಲಿಸಿ. ದಿನಕ್ಕೆ 90 ಘನ ಮೀಟರ್ ಉಳಿಯುತ್ತದೆ. 5ರಿಂದ 7ಕ್ಕೆ ಹೋದರೆ ಸಿಗುವುದು ಇನ್ನು 30 ಮಾತ್ರ, ಆದರೆ ಸಿಲಿಕಾ, ಸುಣ್ಣದ ಕಾಟ ಜೋರು. ನಮ್ಮ ಮಟ್ಟಿಗೆ 5 ಸಾಕು.

ಪ್ರಶ್ನೆ: ಕಡಲ ಪಕ್ಕದ ರಿಫೈನರಿಗೆ ನದಿ ನೀರು ಏಕೆ ಬೇಕು?
– ಓದುಗರು, ಉಡುಪಿ

ಉತ್ತರ: ತಣಿಸಲು ಕಡಲ ನೀರಾದೀತು, ಟೈಟಾನಿಯಂನಂಥ ದುಬಾರಿ ಟ್ಯೂಬ್ ಹಾಕಿದರೆ. ಬಾಯ್ಲರಿಗೆ ಮಾತ್ರ ಉಪ್ಪು ತೆಗೆದ ನೀರೇ ಬೇಕು. 2012ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್ ತನ್ನ ಘಟಕಗಳನ್ನು ನಿಲ್ಲಿಸಬೇಕಾಯಿತು. ಈಗ ಅದಕ್ಕೆ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಉಪ್ಪುನೀರು ಶುದ್ಧೀಕರಣ ಘಟಕವಿದೆ. ಇಂಥ ಘಟಕದಲ್ಲಿ 10 ಲೀಟರ್ ಕಡಲ ನೀರಿಗೆ ಸಿಹಿನೀರು ಸುಮಾರು 4 ಲೀಟರ್. ಸಾವಿರ ಲೀಟರಿಗೆ 3–4 ಯೂನಿಟ್ ಕರೆಂಟು.