ಪ್ರತಿಕ್ರಿಯೆ: ದೂರದ ಬ್ರೇಕರ್‌ಗೆ ಟ್ರಿಪ್ ಆಗೋಕೆ ಯಾರು ಹೇಳ್ತಾರೆ?

ನಮ್ ದಾವಣಗೆರೆ ಸ್ಟೇಷನ್ ಹತ್ರ ರೈಲಿನ ವೈರ್ ಮೇಲೆ ಕೊಂಬೆ ಬಿದ್ದು ಢಂ ಅಂದು ಕರೆಂಟ್ ಹೋಯ್ತು, ತಕ್ಷಣ ವಾಪಸ್ಸೂ ಬಂತು, ಮೆಟ್ರೋದಲ್ಲಿ ಹಿಂಗಾದ್ರೆ ಎರಡೂ ಕಡೆ ಬ್ರೇಕರ್ (ಕರೆಂಟ್ ಕಡಿಯೋ ಸ್ವಿಚ್) ಒಟ್ಟಿಗೆ ಬೀಳ್ತಾವಂತೆ, ಅಂದ್ರೆ ಟ್ರಿಪ್ ಆಗ್ತಾವಂತೆ, ಇಲ್ಲೂ ಹಂಗೇನಾ ಅಂತ ಕೇಳಿದೀರಲ್ಲ, ಇಲ್ಲ ರೀ, ಎರಡೂ ಬೇರೆ.

ನಮ್ ರೈಲ್ವೆ ಲೈನ್ 25 ಕೆವಿ (25 ಸಾವಿರ ವೋಲ್ಟ್) ಎಸಿ. ಸಾಮಾನ್ಯವಾಗಿ ಒಂದು ತುಂಡಿಗೆ ಒಂದೇ ಸಬ್‌ಸ್ಟೇಷನ್ನಿಂದ ಕರೆಂಟು, ಅಲ್ಲಿರೋ ರಿಲೇನೇ (ಕರೆಂಟ್ ಮೇಲೆ ಕಣ್ಣಿಡೋ ಸಾಧನ) ಫಾಲ್ಟ್, ಅಂದ್ರೆ ಶಾರ್ಟ್‌ನಂಥ ದೋಷ, ಗುರುತಿಸಿ ಬ್ರೇಕರ್ ಬಿಡಿಸುತ್ತೆ. ಕಂಟ್ರೋಲ್ ರೂಮಲ್ಲಿ ಕೂತೋರು ಸ್ಕಾಡಾ ಅನ್ನೋ ಕಂಪ್ಯೂಟರ್ ವ್ಯವಸ್ಥೆಯಿಂದ ದೂರದಲ್ಲೇ ಆನ್ ಆಫ್ ಮಾಡ್ಬೋದು, ಆದ್ರೆ ಫಾಲ್ಟ್ ಆದಾಗ ಅವ್ರು ಬಟನ್ ಒತ್ತೋವರ್ಗೂ ಕಾಯಕ್ಕಾಗಲ್ಲ, ಅಷ್ಟರಲ್ಲಿ ವೈರೇ ಸುಟ್ಟು ಬೀಳುತ್ತೆ!

ಬೆಂಗಳೂರು ಮೆಟ್ರೋ 750 ವೋಲ್ಟ್ ಡಿಸಿ, ಮೂರನೇ ಹಳಿ, ಒಂದೇ ತುಂಡಿಗೆ ಎರಡು ತುದಿಯಿಂದ್ಲೂ ಕರೆಂಟು. ಶಾರ್ಟ್ ಆದ್ರೆ ಹತ್ತಿರದ ಬ್ರೇಕರ್‌ಗೆ ಭಾರಿ ಕರೆಂಟ್ ಕಾಣುತ್ತೆ, ತಕ್ಷಣ ಬೀಳುತ್ತೆ. ದೂರದ್ದಕ್ಕೆ? ಮಧ್ಯದ ಹಳಿ ರೆಸಿಸ್ಟೆನ್ಸ್ ದಾಟಿ ಬರೋ ಕರೆಂಟು ಕಮ್ಮಿ, ಒಂದು ರೈಲು ಜೋರಾಗಿ ಸ್ಟಾರ್ಟ್ ಆದಂಗೇ ಕಾಣ್ಬೋದು, ಅದು ಸುಮ್ನೆ ಫಾಲ್ಟಿಗೆ ಕರೆಂಟ್ ಕೊಡ್ತಾನೇ ಇರುತ್ತೆ. ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಡಿಸಿಯಲ್ಲಿ ಬರಲ್ಲ, ಆರ್ಕ್ (ಗಾಳಿಯಲ್ಲಿ ಹರಿಯೋ ಕರೆಂಟಿನ ಕಿಡಿ) ಹಂಗೇ ಉರೀತಾ ಇರುತ್ತೆ. ಅದಕ್ಕೇ ಹತ್ತಿರದ ಬ್ರೇಕರ್ ಬಿದ್ದ ಕೂಡ್ಲೇ ಕೇಬಲ್‌ನಲ್ಲಿ ಇನ್ನೊಂದು ತುದಿಗೆ ‘ನೀನೂ ಬೀಳು’ ಅಂತ ಸಿಗ್ನಲ್ ಹೋಗುತ್ತೆ. ಇದೇ ಇಂಟರ್‌ಟ್ರಿಪ್.

ನಿಮ್ಮ ಕೊಂಬೆ ಕಥೆಯಲ್ಲಿ ಕರೆಂಟ್ ತಕ್ಷಣ ವಾಪಸ್ ಬಂತು ಅಂದ್ರಲ್ಲ, ಅದು ಆಟೋ ರಿಕ್ಲೋಸ್ ಇರ್ಬೇಕು, ಅಂದ್ರೆ ಬಿದ್ದ ಬ್ರೇಕರ್ ತಾನೇ ಮತ್ತೆ ಆನ್ ಆಗೋದು, ಫಾಲ್ಟ್ ಹೋಗಿದ್ರೆ ನಿಲ್ಲುತ್ತೆ, ಇಲ್ಲಾಂದ್ರೆ ಮತ್ತೆ ಬೀಳುತ್ತೆ. ಆದ್ರೆ ದಯವಿಟ್ಟು ಕೋಲಿಂದ ಕೊಂಬೆ ತೆಗೆಯೋಕೆ ಹೋಗ್ಬೇಡ್ರಿ, ಸತ್ತಂಗಿರೋ ವೈರ್ ಯಾವಾಗ ಜೀವ ಬರುತ್ತೋ ಗೊತ್ತಾಗಲ್ಲ.